ಸಾಕಾದ ಮೇಲೆ ಥ್ಯಾಂಕ್ಸ್

ಸಾಲ್ತೊ ಊರಿನ ಭಾನುವಾರದ ಸಂತೆಯಲ್ಲಿ ಸುಲ್ಮಾಳ ಟೊಮೆಟೊ ಅಂಗಡಿ ಹುಡುಕುವುದು ಸುಲಭವಾಗಿತ್ತು. ಅಂಗಡಿಯವಳೇ ಇಲ್ಲದ ಅಂಗಡಿ ಯಾವುದೋ ಅದೇ ಅವಳದು. ತಕ್ಕಡಿಗೆ ಟೊಮೆಟೊ ಹಾಕಿ, ಗಿರಾಕಿಯನ್ನು ಅಲ್ಲೇ ನಿಲ್ಲಿಸಿ, ಎದುರಿನ ಬೇಕರಿಯ ಶೌಚಾಲಯಕ್ಕೆ ಓಡುವಳು. ಒಂದು ಬೆಳಗಿಗೆ ಆರು ಸಲ, ಏಳು ಸಲ. ಅಷ್ಟು ಹೊತ್ತೂ ಪಕ್ಕದ ಚೀಸ್ ಅಂಗಡಿಯ ದೋನ್ ವಾಲ್ದೆಮಾರ್ ಎರಡೂ ತಕ್ಕಡಿ ಹಿಡಿಯುತ್ತಿದ್ದರು.

ಹೊಟ್ಟೆನೋವು, ಭೇದಿ, ಎರಡು ವರ್ಷದಲ್ಲಿ ಹನ್ನೊಂದು ಕಿಲೋ ತೂಕ ಇಳಿದಿತ್ತು. ನರದ ತೊಂದರೆ ಅಂದರು ಅತ್ತೆ. ಪೀಚ್ ಹಣ್ಣಿನ ಸಿಪ್ಪೆ ಅಂದ ಗಂಡ. ಯಾರದೋ ದೃಷ್ಟಿ ಅಂದರು ವಾಲ್ದೆಮಾರ್. ಕೊನೆಗೆ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರ್ ಲೆಮೋಸ್ ಅದಕ್ಕೊಂದು ಹೆಸರು ಹೇಳಿದರು: ಕ್ರೋನ್ಸ್ ಕಾಯಿಲೆ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ. ಅಂಟುವುದಿಲ್ಲ. ಪೂರ್ತಿ ವಾಸಿಯೂ ಆಗುವುದಿಲ್ಲ; ಹತೋಟಿಯಲ್ಲಿ ಇಡಬಹುದು.

ಮೊದಲು ಬಿಳಿ ಬಣ್ಣದ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಮೂರು ವಾರಕ್ಕೆ ಸುಲ್ಮಾ ಹೊಟ್ಟೆತುಂಬ ಉಂಡಳು, ಬೇಕರಿಯ ದಾರಿ ಮರೆತಳು. ಮುಖ ದುಂಡಗಾಯಿತು. ಈ ಮಾತ್ರೆ ಹಂತಹಂತವಾಗಿ ಇಳಿಸಿ ನಿಲ್ಲಿಸಬೇಕು, ಅಷ್ಟರೊಳಗೆ ಬಹುಕಾಲ ತೆಗೆದುಕೊಳ್ಳುವ ಔಷಧ ಒಂದನ್ನು ಆರಿಸೋಣ ಎಂದು ಡಾಕ್ಟರ್ ಮೂರು ದಾರಿ ವಿವರಿಸಿದರು. ಸುಲ್ಮಾಳ ಕಿವಿಗೆ ಬಿದ್ದದ್ದು ಒಂದೇ ಮಾತು: ಇವು ಮೈಯ ರಕ್ಷಣಾ ಶಕ್ತಿಯನ್ನು ತಗ್ಗಿಸುತ್ತವೆ, ಸೋಂಕಿನ ಬಗ್ಗೆ ಜಾಗ್ರತೆ ಬೇಕು.

"ಏನಾದ್ರೂ ಕೇಳೋದಿದೆಯಾ?" ಅಂದರು ಡಾಕ್ಟರ್.

"ಥ್ಯಾಂಕ್ಸ್ ಡಾಕ್ಟ್ರೇ," ಅಂದಳು ಸುಲ್ಮಾ, ಎದ್ದು ಬಂದಳು. ಒಪ್ಪಿದ್ದಾಳೆಂದು ಅವರು ಮುಂದಿನ ಭೇಟಿಯ ದಿನ ಬರೆದರು.

ಅವಳು ಒಪ್ಪಿರಲಿಲ್ಲ. ಸಂತೆಯಲ್ಲಿ ಬೆಳಗಿನಿಂದ ಮಾತೆ ಸುತ್ತುತ್ತದೆ. ಮಾತೆ ಎಂದರೆ ಇಲ್ಲಿ ದೇವಿಯಲ್ಲ, ಸೋರೆಬುರುಡೆಯಲ್ಲಿ ಎಲೆಪುಡಿ ಹಾಕಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುವ ಪಾನೀಯ. ಬುರುಡೆ ಒಂದು, ಕೊಳವೆ ಒಂದು, ಬಾಯಿ ಆರು. ಹೊಯ್ದು ಕೊಡುವವರು ವಾಲ್ದೆಮಾರ್. ಆ ಸುತ್ತಿನಲ್ಲಿ ಥ್ಯಾಂಕ್ಸ್ ಎಂದರೆ "ನನಗೆ ಸಾಕು, ಇನ್ನು ನನ್ನ ಸರದಿ ಬಿಡಿ" ಎಂದರ್ಥ. ಕೈಗೆ ಬಂದ ಬುರುಡೆಗೆ ಮರ್ಯಾದೆಗೆಂದು ಥ್ಯಾಂಕ್ಸ್ ಹೇಳಿದ ಹೊಸಬರು ಬೆಳಗೆಲ್ಲ ಬಾಯಾರಿ ಕೂತದ್ದುಂಟು. ಹೊಸ ಔಷಧ ಶುರುವಾದರೆ ಎಲ್ಲರ ಬಾಯಿಗೆ ಹೋದ ಕೊಳವೆಯಿಂದ ಸೋಂಕು ತಗಲೀತು, ಆ ಸುತ್ತಿನಿಂದ ತಾನು ಎದ್ದಂತೆಯೇ ಎಂದುಕೊಂಡಳು ಸುಲ್ಮಾ. ಸಂತೆಯ ಆ ಆರು ಜನವೇ ಅವಳ ಅರ್ಧ ಬದುಕು. ಇಷ್ಟು ಸಣ್ಣ ವಿಷಯವನ್ನು ಡಾಕ್ಟರ ಮುಂದೆ ಹೇಗೆ ಕೇಳುವುದು?

ವಾಲ್ದೆಮಾರ್ ಅವರ ಸಲಹೆ ಸಿದ್ಧವಾಗಿತ್ತು. "ಬಿಳಿ ಮಾತ್ರೆ ಒಗ್ಗಿದೆ ಮಗಳೇ, ಅದನ್ನೇ ನುಂಗು. ಮುಖ ನೋಡು, ಹುಣ್ಣಿಮೆ ಚಂದ್ರ. ಮಾತೆ ನೀರಿಗೆ ಒಂದಿಷ್ಟು ಮಾರ್ಸೆಲಾ ಹೂವು ಹಾಕ್ತೀನಿ, ಹೊಟ್ಟೆಗೆ ಒಳ್ಳೇದು. ನಮ್ಮಜ್ಜಿ ತೊಂಬತ್ತೊಂದು ವರ್ಷ ಅದ್ರಲ್ಲೇ ಬದುಕಿದ್ದು."

"ನಿಮ್ಮಜ್ಜಿಗೆ ಕ್ರೋನ್ಸ್ ಇತ್ತಾ?"

ಕೇಳಿದವಳು ನಿಬಿಯಾ. ಬಡಾವಣೆಯ ಆಸ್ಪತ್ರೆಯ ನರ್ಸ್, ಭಾನುವಾರದ ಟೊಮೆಟೊ ಗಿರಾಕಿ. ಅಜ್ಜಿಗೆ ಇದ್ದದ್ದು ಕೋಪ ಮಾತ್ರ ಎಂದು ವಾಲ್ದೆಮಾರ್ ಒಪ್ಪಿಕೊಂಡರು.

ಸ್ಟೀರಾಯ್ಡಿನಿಂದ ಊದಿದ ಸುಲ್ಮಾಳ ಕೆನ್ನೆಯನ್ನು ನಿಬಿಯಾ ನೋಡಿದಳು. ಯಾವ ಔಷಧ ಆರಿಸಿಕೊಂಡೆ ಎಂದು ಕೇಳಿದಳು. ಸುಲ್ಮಾ ನಡೆದದ್ದನ್ನು ಹೇಳಿದಳು.

"ಹೊಟ್ಟೇಲಿ ಪ್ರಶ್ನೆ ಇಟ್ಕೊಂಡು ಥ್ಯಾಂಕ್ಸ್ ಅಂದ್ಯಾ? ಬಾಯಾರಿದಾಗ ಇವ್ರಿಗೆ ಯಾವತ್ತಾದ್ರೂ ಥ್ಯಾಂಕ್ಸ್ ಅಂದಿದ್ದೀಯೇನೇ?"

ಸುಲ್ಮಾಗೆ ನಗು ಬಂತು. ನಗುತ್ತಲೇ ಕೊಳವೆಯ ಭಯ ಹೊರಬಂತು. ನಿಬಿಯಾ ನಗಲಿಲ್ಲ. ಅದೂ ಕೇಳಲೇಬೇಕಾದ ಪ್ರಶ್ನೆ ಎಂದಳು. ಮಾತ್ರೆಯ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳಿದಳು. "ಮನೆಗೆ ಬೆಂಕಿ ಬಿದ್ರೆ ನೀರು ಹೊಯ್ತೀವಿ. ಬೆಂಕಿ ಆರಿದ್ಮೇಲೂ ದಿನಾ ಹೊಯ್ತಾ ಇದ್ರೆ ಗೋಡೆ ಉಳಿಯುತ್ತಾ? ಸ್ಟೀರಾಯ್ಡೂ ಅಷ್ಟೇ. ವರ್ಷಗಟ್ಲೆ ನುಂಗಿದ್ರೆ ಮೂಳೆ ಸವೆಯುತ್ತೆ, ಸಕ್ಕರೆ ಏರುತ್ತೆ, ಕಣ್ಣಿಗೂ ತೊಂದ್ರೆ. ಹಾಗಂತ ನಾಳೇನೇ ಬಿಟ್ಬಿಡ್ಬೇಡ, ಅದೂ ಅಪಾಯ. ಡಾಕ್ಟ್ರು ಹೇಳಿದ ಲೆಕ್ಕದಲ್ಲೇ ಇಳಿಸ್ಬೇಕು."

ಟೊಮೆಟೊ ಬೆಲೆ ಬರೆದ ರಟ್ಟನ್ನು ತಿರುಗಿಸಿ, ಅದರ ಬೆನ್ನಿಗೆ ಇಬ್ಬರೂ ಸೇರಿ ಪ್ರಶ್ನೆ ಬರೆದರು.

ಮುಂದಿನ ಭೇಟಿಗೆ ಸುಲ್ಮಾ ರಟ್ಟು ಹಿಡಿದು ಹೋದಳು. ಕಂಕುಳಲ್ಲಿ ಫ್ಲಾಸ್ಕ್ ಸಿಕ್ಕಿಸಿಕೊಂಡು ವಾಲ್ದೆಮಾರ್ ಜೊತೆಗೆ ಬಂದರು, ಅಜ್ಜಿಯ ಪರ ವಾದಿಸಲು. ಡಾಕ್ಟರ್ ರಟ್ಟನ್ನು ಇಸಕೊಂಡು ಒಂದೊಂದಾಗಿ ಉತ್ತರ ಕೊಟ್ಟರು. ಅಜಥಯೋಪ್ರಿನ್ ಎಂಬುದು ದಿನದ ಮಾತ್ರೆ. ಕೆಲಸ ಶುರುಮಾಡಲು ಎರಡು ಮೂರು ತಿಂಗಳು ಬೇಕು, ಆಗಾಗ ರಕ್ತಪರೀಕ್ಷೆ ಆಗಬೇಕು. ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ. ಅವಳ ಕೆಲಸವೋ, ಬಯಲಿನಲ್ಲಿ. ಎರಡನೆಯದು ಜೈವಿಕ ಔಷಧ, ಉರಿಯೂತ ಎಬ್ಬಿಸುವ ಒಂದು ಅಂಶವನ್ನೇ ಗುರಿಯಿಟ್ಟು ತಡೆಯುವಂಥದು. ಶುರುವಿನ ಡೋಸುಗಳಾದ ಮೇಲೆ ಎಂಟು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್. ಮೂರನೆಯದೂ ಅದೇ ಜಾತಿಯದು. ಆದರೆ ಎರಡು ವಾರಕ್ಕೊಮ್ಮೆ ಪೆನ್ನಿನಂಥ ಸಿರಿಂಜಿನಿಂದ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಫ್ರಿಜ್‌ನಲ್ಲಿಡಬೇಕು, ಹೆಪ್ಪುಗಟ್ಟಬಾರದು.

ಮತ್ತೊಂದು ಮಗು ಬೇಕೆಂದರೆ, ಎಂದು ಸುಲ್ಮಾ ತಗ್ಗಿದ ದನಿಯಲ್ಲಿ ಕೇಳಿದಳು. ಮೊದಲೇ ತಿಳಿಸಿ, ಕಾಯಿಲೆ ಹತೋಟಿಯಲ್ಲಿರುವಾಗ ಬಸಿರಾಗುವುದು ಒಳ್ಳೆಯದು, ಈ ಔಷಧಗಳನ್ನು ಬಹಳ ಮಂದಿ ಬಸಿರಿನಲ್ಲೂ ಮುಂದುವರಿಸುತ್ತಾರೆ, ಆದರೆ ಕೇಳದೆ ನಿಲ್ಲಿಸಬೇಡಿ ಎಂದರು ಡಾಕ್ಟರ್. ಇದು ಒಗ್ಗದಿದ್ದರೆ ಬೇರೆಯದಿದೆ ಎಂದೂ ಹೇಳಿದರು. ಅವಳ ಕರುಳಿನ ಹುಣ್ಣುಗಳು ಆಳವಾಗಿದ್ದುದರಿಂದ ಅವರ ಒಲವು ಜೈವಿಕ ಔಷಧದ ಕಡೆಗಿತ್ತು. ಡ್ರಿಪ್ಪೋ ಪೆನ್ನೋ ಎಂಬುದನ್ನು ಅವಳಿಗೇ ಬಿಟ್ಟರು.

ಉಳಿದದ್ದು ಕೊನೆಯ ಸಾಲು. ಡಾಕ್ಟರ್ ಅದನ್ನು ಗಟ್ಟಿಯಾಗಿ ಓದಿದರು. "ಮಾತೆ ಬಿಡ್ಬೇಕಾ?" ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾತೆ ಯಾಕಮ್ಮ ಬಿಡ್ತೀರಿ? ಬುರುಡೆ, ಕೊಳವೆ ನಿಮ್ಮದೇ ಇಟ್ಕೊಳ್ಳಿ. ಪಕ್ಕದವ್ರಿಗೆ ಜ್ವರ, ಕೆಮ್ಮು ಇದ್ರೆ ಅವತ್ತು ದೂರ ಕೂತ್ಕೊಳ್ಳಿ. ನಿಮಗೇ ಜ್ವರ ಬಂದ್ರೆ ಆ ಸಲದ ಡೋಸಿಗೆ ಮುಂಚೆ ಫೋನ್ ಮಾಡಿ. ಈಗ ಬಿಡ್ಬೇಕಾದ್ದು ನಿಮ್ಮ ಸಿಗರೇಟು. ಅದು ಈ ಕಾಯಿಲೇನ ಕೆರಳಿಸುತ್ತೆ."

ವಾಲ್ದೆಮಾರ್ ಗಂಟಲು ಸರಿಮಾಡಿಕೊಂಡು ಮಾರ್ಸೆಲಾ ಪ್ರಸ್ತಾಪ ಎತ್ತಿದರು. ಯಾವ ಮೂಲಿಕೆ ಕುಡಿದರೂ ತಮಗೆ ತಿಳಿಸಬೇಕು, ಔಷಧದ ಜಾಗಕ್ಕೆ ಮಾತ್ರ ಅದು ಬರಕೂಡದು ಎಂದರು ಡಾಕ್ಟರ್. ಅಜ್ಜಿ ಸೋತಳು.

ಸುಲ್ಮಾ ಪೆನ್ನನ್ನೇ ಆರಿಸಿದಳು; ಸಂತೆಯಿಲ್ಲದ ಸೋಮವಾರ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಕ್ಷಯ, ಹೆಪಟೈಟಿಸ್ ಬಿ ಪರೀಕ್ಷೆ ಮುಗಿದು, ಬೇಕಾದ ಲಸಿಕೆಗಳಾಗಿ, ಆಮೇಲೆ ಮೊದಲ ಇಂಜೆಕ್ಷನ್. ಚುಚ್ಚುವುದನ್ನು ನಿಬಿಯಾ ಕಲಿಸಿದಳು.

ಐದು ತಿಂಗಳಾಗಿದೆ. ಸ್ಟೀರಾಯ್ಡ್ ನಿಂತಿದೆ, ಮುಖ ಮೊದಲಿನ ಆಕಾರಕ್ಕೆ ಬಂದಿದೆ. ಸಿಗರೇಟಿನ ಜೊತೆ ಜಗಳ ಇನ್ನೂ ನಡೆದಿದೆ, ಎರಡು ಸಲ ಸೋತು ಮೂರನೆಯ ಸಲ ಗೆಲ್ಲುತ್ತಿದ್ದಾಳೆ. ತಕ್ಕಡಿ ಅವಳ ಕೈಯಲ್ಲೇ ಇರುತ್ತದೆ. ವಾಲ್ದೆಮಾರ್ ಈಗ ಎರಡು ಬುರುಡೆ ಇಟ್ಟಿದ್ದಾರೆ. ಕೆಂಪು ದಾರ ಕಟ್ಟಿದ ಸಣ್ಣದು ಸುಲ್ಮಾಳದು. ಫ್ಲಾಸ್ಕ್ ಅದೇ, ಸರದಿ ಅದೇ, ಚಾಡಿಮಾತೂ ಅದೇ. ಕಳೆದ ಭಾನುವಾರ ಅವಳು ಐದು ಸಲ ಹೀರಿದಳು. ಆರನೆಯ ಸಲ ಬುರುಡೆ ಬಂದಾಗ ಹೊಟ್ಟೆ ಮುಟ್ಟಿಕೊಂಡು "ಥ್ಯಾಂಕ್ಸ್" ಅಂದಳು.

"ಈಗ ಹೇಳ್ಬಹುದು," ಅಂದರು ವಾಲ್ದೆಮಾರ್.

ಓದುವವರೇ, ನಿಮಗೋ ನಿಮ್ಮ ಮನೆಯವರಿಗೋ ಕ್ರೋನ್ಸ್ ಎಂದು ತಿಳಿದರೆ, ಒಂದು ರಟ್ಟು ಹುಡುಕಿ. ನಿಮ್ಮ ಕೆಲಸ, ಬಿಸಿಲು, ಬಸಿರು, ಚಟ, ಭಯ ಎಲ್ಲವನ್ನೂ ಅದರ ಮೇಲೆ ಬರೆದು ಡಾಕ್ಟರ ಬಳಿಗೆ ಒಯ್ಯಿರಿ. ಒಬ್ಬರಿಗೆ ಒಗ್ಗಿದ ಔಷಧ ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ನಿಮ್ಮ ಬದುಕು ಹೇಗಿದೆಯೆಂದು ನೀವು ಹೇಳದೆ ಅವರಿಗೆ ತಿಳಿಯದು. ರಟ್ಟಿನ ಕೊನೆಯ ಸಾಲಿಗೆ ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ. ಥ್ಯಾಂಕ್ಸ್ ಆಮೇಲೆ ಹೇಳಿ.