ಹಸಿದ ಕೌದಿ

ತಾಯಿ ಹೊಲಿದ ಕೌದಿಯನ್ನು ಮಲ್ಲವ್ವ ಎರಡು ಹೊಸ ಗಿರಣಿ ಚಾದರಕ್ಕೆ ಕೊಟ್ಟುಬಿಟ್ಟದ್ದು ಬಾಂಗ್ಲಾ ಯುದ್ಧ ಮುಗಿದ ವರ್ಷ. ತೆಗೆದುಕೊಂಡವನು ಬೈಕುಲ್ಲಾದ ಚಾಂದಸಾಬ. ವಿಜಾಪುರ ಕಡೆಯವನಾದ ಅವನು ಹೆಗಲ ಮೇಲೆ ಚಾದರಗಳ ಗಂಟು ಹೊತ್ತು ಘಾಟ್ಕೋಪರಿನ ಚಾಳುಗಳನ್ನು ಸುತ್ತುತ್ತಿದ್ದ. ಕೌದಿ ಹಳೆಯದಾದಷ್ಟೂ, ತೇಪೆ ಹೆಚ್ಚಿದಷ್ಟೂ ಅವನಿಗೆ ಖುಷಿ.

"ಈ ಹರಕ ಒಯ್ದು ಏನ ಮಾಡ್ತೀಯೋ ಅಣ್ಣಾ?"

"ನಮ್ಮ ಶೇಟ್ ಗ್ವಾಡಿಗಿ ಹಚ್ಚತಾನಕ್ಕಾ. ಮ್ಯಾಲ ದೀಪಾ ಬಿಟ್ಟು, ಕುರ್ಚಿ ಹಾಕ್ಕೊಂಡ ಕುಂತು ನೋಡತಾನ."

"ಹೊಚಗೊಳ್ಳೂದಿಲ್ಲಾ? ಅಯ್ಯ, ಅಂವಗ ಥಂಡಿನ ಆಗೂದಿಲ್ಲೇನ!" ಎಂದು ಅವತ್ತು ಮಲ್ಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮಗಳು ನೀಲಾ ಚೊಚ್ಚಲ ಗಂಡು ಹೆತ್ತಾಗ ಆ ನಗು ಕುತ್ತಿಗೆಗೆ ಬಂತು. ಹೆಸರಿಡುವ ದಿನ ಕೂಸನ್ನು ತಾಯಿಯ ತವರಿನ ಹಳೇ ಕೌದಿಯ ಮೇಲೆ ಮಲಗಿಸುವುದು ಅವರ ಪದ್ಧತಿ. ಬೀಗತಿ ಇಂದ್ರಾಬಾಯಿ ಪರೇಲಿನಿಂದ ಹೇಳಿಕಳಿಸಿದಳು: "ಲಗ್ನದಾಗ ತೋರಿಸಿದ್ರೆಲ್ಲಾ, ನಿಮ್ಮವ್ವನ ಕೌದಿ, ಅದ ಇರಬೇಕ್ರಿ ತೊಟ್ಟಿಲದಾಗ." ಅದನ್ನು ಮಾರಿದೆ ಎಂದರೆ ಹಡೆದವಳ ಮಡಿಲನ್ನೇ ಮಾರಿದ ಹಾಗೆ. ನೀಲಾ ಗಂಡನ ಮನೆಯಲ್ಲಿ ಸಾಯುವ ತನಕ ಆ ಮಾತು ಕೇಳಬೇಕಾಗುತ್ತಿತ್ತು. ಮಲ್ಲವ್ವ ಬೈಕುಲ್ಲಾಕ್ಕೆ ಹೋಗಿ ಚಾಂದಸಾಬನ ಎರಡೂ ಕೈ ಹಿಡಿದುಕೊಂಡಳು.

ಅವನು ಒಳ್ಳೆಯ ಮನುಷ್ಯ. ಹೊಲಿಗೆ ಬಿಚ್ಚಿದೆ, ಸರಿಮಾಡಿ ತರುತ್ತೇನೆ ಎಂದು ಶೇಟ್‌ಗೆ ಸುಳ್ಳು ಹೇಳಿ, ಹೆಸರಿಡುವ ದಿನ ಬೆಳಿಗ್ಗೆ ಕೌದಿ ತಂದ. ನಾಳೆ ವಾಪಸು ಮುಟ್ಟಿಸಬೇಕು.

ಮಲ್ಲವ್ವ ಮೊದಲು ಮುಟ್ಟಿದ್ದು ನಟ್ಟನಡುವಿನ ತೇಪೆಯನ್ನು. ಕೌದಿ ಹೊಲಿದು ಮುಗಿಸುವಾಗ ಅಲ್ಲೊಂದು ರೊಟ್ಟಿ ಚೂರು ಇಟ್ಟು ಬಾಯಿ ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಹೊಟ್ಟೆ ತುಂಬದ ಕೌದಿ ಮೇಲೆ ಮಲಗಿದವರನ್ನೇ ತಿನ್ನುತ್ತದಂತೆ. ಅವ್ವ ಇಟ್ಟ ಚೂರು ಒಣಗಿ ಹರಳಿನ ಹಾಗೆ ಬೆರಳಿಗೆ ಸಿಗುತ್ತಿತ್ತು. ಈಗ ಮೆತ್ತಗಿತ್ತು.

"ಹೊಟ್ಟಿ ಬಿಚ್ಚೀರಿ," ಎಂದಳು.

ಚಾಂದಸಾಬ ತಲೆ ಕೆಳಗೆ ಹಾಕಿದ. "ಕಾಳು ರೊಟ್ಟಿ ಇದ್ರ ಹುಳಾ ಬೀಳ್ತಾವಂತ ಶೇಟ್ ತೆಗಸಿದ್ದ. ಖಾಲಿ ತಂದಿಲ್ಲಕ್ಕಾ. ನಮ್ಮ ಬೀಬೀಜಾನ ಮುಂಜೇಲೆ ರೊಟ್ಟಿ ಬಡದು ಬೆಲ್ಲಾ ಸವರಿ ಇಟ್ಟಾಳ. ನಾನ ಹೊಲದೀನಿ, ಅಲ್ಲಾನ ಆಣಿ."

"ಮತ್ತ ಇದೇನ ವಾಸನಿ?"

"ಹುಳದ ಪುಡಿ. ಎಲ್ಲಾದಕ್ಕೂ ಉದರಸ್ತಾರ ಅಲ್ಲಿ. ಝಾಡಿಸೀನಿ, ಚಿಂತಿ ಬ್ಯಾಡ."

ಇಬ್ಬರಿಗೂ ಸಮಾಧಾನವಾಯಿತು. ಹೊಟ್ಟೆ ತುಂಬಿದೆಯಲ್ಲ, ಇನ್ನು ಮೈ ನೋಡುವವರು ಯಾರು? ಮಲ್ಲವ್ವ ಕೌದಿಯನ್ನು ಮಡಚಿ ಗೋಡೆ ಪಕ್ಕದ ಟ್ರಂಕಿನ ಮೇಲಿಟ್ಟು ಒಲೆಯ ಕಡೆ ನಡೆದಳು.

ಮಧ್ಯಾಹ್ನಕ್ಕೆ ಬೀಗರು ಬಂದರು. ಬಾಡಿಗೆಗೆ ತಂದ ಮರದ ತೊಟ್ಟಿಲು ಜಂತಿಯಿಂದ ತೂಗುತ್ತಿತ್ತು. ಇಂದ್ರಾಬಾಯಿ ಟ್ರಂಕಿನ ಮೇಲಿದ್ದ ಕೌದಿಯ ಇಳಕಲ್ಲ ದಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಛಲೋ ಜ್ವಾಕಿ ಮಾಡೀರಿ ಬೀಗತ್ಯಾರ. ಈಗಿನವ್ರು ಇಂಥಾವ ಬೋಗೋಣಿ ಮಾರಾವ್ರಿಗೆ ಹಾಕಿ ಕೈ ತೊಳಕೊಂತಾರ."

ಮಲ್ಲವ್ವನ ಕಿವಿ ಕಾದವು. ಕೌದಿ ಎತ್ತಿಕೊಂಡು ತೊಟ್ಟಿಲಲ್ಲಿ ಬಿಡಿಸತೊಡಗಿದಳು. ಆಚೆ ಕಡೆ ಮುತ್ತೈದೆಯರು ಕೂಸನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಹಾಡು ಶುರುಮಾಡಿದರು.

ಕೊನೆಯ ಮಡಿಕೆ ತೆಗೆದಾಗ ತೇಪೆಯ ಸುತ್ತ ಎಳ್ಳು ಚೆಲ್ಲಿದ ಹಾಗಿತ್ತು. ಬಗ್ಗಿ ನೋಡಿದಳು. ಇರುವೆ. ಬೆಲ್ಲದ ವಾಸನೆಗೆ ಬಂದವು. ಬೆರಳಾಡಿಸಿದರೆ ಒಂದೂ ಓಡಲಿಲ್ಲ. ತಡವಾಗಿ ಬಂದದ್ದೊಂದು ಮಾತ್ರ ತೇಪೆಯ ಅಂಚು ಹತ್ತುತ್ತಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಅದು ನಡುಗಿ, ಕಾಲು ಮುದುರಿ, ಮಗ್ಗುಲಾಯಿತು.

ಕೌದಿ ತಿನ್ನಾಕತ್ತೈತಿ, ಎಂದು ಕೈ ಹಿಂದೆಳೆದಳು. ಆಮೇಲೆ ಬೆರಳು ಮೂಸಿದಳು. ಬೆಳಗಿನ ಅದೇ ವಾಸನೆ. ಹೊಲಿಗೆಯ ಗುಳಿಗಳಲ್ಲೆಲ್ಲ ಬಿಳಿ ಪುಡಿ ಕೂತಿತ್ತು.

"ಸರೀರಿ, ಹೊತ್ತ ಮೀರತೈತಿ," ಎಂದಳು ಇಂದ್ರಾಬಾಯಿ. ಕೂಸು ಈಗ ಅವಳ ಕೈಯಲ್ಲಿತ್ತು.

"ಬ್ಯಾಡ್ರಿ... ಇರುವಿ ಅದಾವ."

"ಇರುವಿ ಎಲ್ಲಿಲ್ಲ? ಝಾಡಸ್ರಿ, ಹೋಗ್ತಾವ."

ಪುಡಿ ಎಂದರೆ ಯಾರ ಪುಡಿ ಎನ್ನುತ್ತಾರೆ. ಶೇಟ್ ಎಂದರೆ ನಿಮ್ಮವ್ವನ ಕೌದಿ ಶೇಟ್ ಮನೆಗೆ ಯಾಕೆ ಹೋಗಿತ್ತು ಎನ್ನುತ್ತಾರೆ. ಮೂಲೆಯಲ್ಲಿ ಕೂತ ನೀಲಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಇಂದ್ರಾಬಾಯಿ ಬಗ್ಗಿದಳು. ಕೂಸಿನ ಹಿಮ್ಮಡಿ ಕೌದಿಗೆ ತಾಗಿತು.

ಮಲ್ಲವ್ವ ಒಂದೇ ಹಾರಿಗೆ ಹಂಡೆಯ ಪಕ್ಕದ ತುಂಬಿದ ಕೊಡ ಎತ್ತಿ ತೊಟ್ಟಿಲಲ್ಲಿ ಸುರುವಿದಳು.

ಹಾಡು ನಿಂತಿತು. ಇಂದ್ರಾಬಾಯಿ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಬೀಗತನದ ಮರ್ಯಾದೆಯೆಲ್ಲ ಬಾಯಿಂದ ಜಾರಿತು. "ತೊಟ್ಟಿಲಕ್ಕ ನೀರ ಸುರುವತೀಯೇನ? ಹಿಂಥಾ ಸುಡಗಾಡ ಕೆಲಸಾ ಯಾರರೆ ಮಾಡ್ತಾರೇನ, ಹುಚ್ಚ ಹೆಂಗಸ!"

"ಮಾರಿದ್ದೆ," ಎಂದಳು ಮಲ್ಲವ್ವ. ಕೊಡ ಇನ್ನೂ ಕೈಯಲ್ಲೇ ಇತ್ತು. "ನಮ್ಮವ್ವನ ಕೌದಿ ಗ್ವಾಡಿಗಿ ಹಚ್ಚಾವ್ರಿಗೆ ಮಾರಿದ್ದೆ. ಅದಕ್ಕ ಅವ್ರು ವಿಷಾ ಉದರಿಸ್ಯಾರ. ನನ್ನ ಆಮ್ಯಾಲ ಬೈರಿ. ಮೊದಲ ಕೂಸಿನ ಕಾಲ ತೊಳೀರಿ."

ಇಂದ್ರಾಬಾಯಿ ಕೂಸನ್ನು ಬಚ್ಚಲ ಮೋರಿಗೆ ಒಯ್ದಳು. ಎಲ್ಲರೂ ಕೆಳಗೆ ನೋಡಿದರು. ತೊಟ್ಟಿಲಿಂದ ಇಳಿಯುತ್ತಿದ್ದ ನೀರು ಹಾಲಿನಷ್ಟು ಬೆಳ್ಳಗಿತ್ತು. ಅದು ಹೊಸ್ತಿಲು ದಾಟಿ, ಚಾಳಿನ ಗ್ಯಾಲರಿಯ ಇಳಿಜಾರು ಹಿಡಿದು, ಒಂದೊಂದೇ ಬಾಗಿಲ ಮುಂದೆ ಹರಿಯಿತು. ಅಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಮಕ್ಕಳನ್ನು ತಾಯಂದಿರು ಓಡಿಬಂದು ಎತ್ತಿಕೊಂಡರು. ಬಾಗಿಲುಗಳು ಮುಚ್ಚಿಕೊಂಡವು.

ಮೋರಿಯಲ್ಲಿ ಇಂದ್ರಾಬಾಯಿ ಕೂಸಿನ ಹಿಮ್ಮಡಿಯನ್ನು ತಿಕ್ಕುತ್ತಲೇ ಇದ್ದಳು. ತಣ್ಣೀರು ಮೈಮೇಲೆ ಬಿದ್ದರೂ ಅದು ಅಳಲಿಲ್ಲ.

"ಚೂಟ್ರಿ," ಎಂದಳು ಮಲ್ಲವ್ವ. "ಬೀಗತಿ, ಒಮ್ಮಿ ಚೂಟ್ರಿ ಅದನ್ನ."