ಒಳಗೆ ಹೋದ ಹೊರಮೈ

“ನಿಲ್ಲಿ ಅತ್ತಿಗೆ! ಅದನ್ನ ಮಗುಚ್ಬೇಡಿ!”

ಹೊಲಿಗೆ ಮಿಷನ್ನಿನ ಸದ್ದು ಗಕ್ಕನೆ ನಿಂತಿತು. ಅತ್ತಿಗೆಯ ಕೈಯಲ್ಲಿ ಆಗಷ್ಟೇ ಹೊಲಿದು ಮುಗಿಸಿದ ಲಾಡಿಯಿತ್ತು. ಯಾವುದೋ ಮಗುವಿನ ಹೂವಿನ ಪೈಜಾಮದ್ದು. ಅದರ ತುದಿಗೆ ಪಿನ್ನು ಚುಚ್ಚಿ, ಒಳಗೆ ತೂರಿಸಿ, ಸೀದಾ ಮಾಡಲು ಹೊರಟಿದ್ದವಳು ಹಾಗೇ ಕೂತುಬಿಟ್ಟಳು. ಬಾಗಿಲ ಬಳಿ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಿದ್ದ, ಅಂಗಡಿಯ ಹಳೆಯ ಕೆಲಸಗಾರ ತಾತ ಕನ್ನಡಕವನ್ನು ಹಣೆಗೇರಿಸಿ ಸುತ್ತಲೂ ನೋಡಿದ.

“ಯಾರಮ್ಮ ಕೂಗಿದ್ದು?”

“ನಮ್ಮ ಸೂಜಿ,” ಎಂದಳು ಅತ್ತಿಗೆ, ತನಗೇ ನಂಬಿಕೆಯಿಲ್ಲದವಳಂತೆ.

“ಸೂಜಿಗೆ ಬಾಯೂ ಇದೆಯಾ? ನಾನು ಬರೀ ಕಣ್ಣಿರುತ್ತೆ ಅಂದ್ಕೊಂಡಿದ್ದೆ.”

ಆ ಹೆಸರನ್ನು ಇಟ್ಟವನು ಅವನೇ. ತೆಳ್ಳಗೆ, ನೆಟ್ಟಗೆ, ಸದ್ದಿಲ್ಲದೆ ಕೆಲಸ ಮಾಡುವ ಹುಡುಗಿ. ಅಪ್ಪ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟು ಅಣ್ಣನ ಹೆಂಡತಿಯ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತವಳು, ಈಗ ಕತ್ತರಿಸಿ ಹೊಲಿಯುವಷ್ಟು ಪಳಗಿದ್ದಳು. ಕಳೆದ ವರ್ಷ ಆಸ್ಪತ್ರೆಯ ಕಾಲೇಜಿನಲ್ಲಿ, ಶಾಲೆ ಬಿಟ್ಟವರನ್ನೂ ಸೇರಿಸಿಕೊಳ್ಳುವ ಪ್ರಯೋಗಾಲಯ ಸಹಾಯಕರ ತರಬೇತಿ ಶುರುವಾದಾಗ ಅತ್ತಿಗೆಯೇ ಅವಳನ್ನು ಎಳೆದುಕೊಂಡು ಹೋಗಿ ಸೇರಿಸಿದ್ದಳು. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಅಂಗಡಿ. ಬರೆಯುವ ಪರೀಕ್ಷೆಗಳನ್ನೆಲ್ಲ ಅವಳು ಸಲೀಸಾಗಿ ದಾಟಿದಳು. ಬಾಯಿಪರೀಕ್ಷೆಯಲ್ಲಿ ಮಾತ್ರ ಸಿಕ್ಕಿಬಿದ್ದಳು.

ಮಿದುಳು ಯಾವ ಪದರದಿಂದ ಹುಟ್ಟುತ್ತದೆ ಎಂದು ಮೇಡಂ ಕೇಳಿದ್ದರು. ಭ್ರೂಣದಲ್ಲಿ ಮೊದಲು ಇರುವುದು ಮೂರು ಪದರ. ಹೊರಗಿನದು, ನಡುವಿನದು, ಒಳಗಿನದು. ಮಿದುಳು ಬುರುಡೆಯ ಒಳಗಿದೆ. ಒಳಗಿರುವುದು ಎಂದರೆ ಅವಳ ಲೆಕ್ಕದಲ್ಲಿ ಬಟ್ಟೆಯ ಒಳಗೆ ಹಚ್ಚುವ ಅಸ್ತರು. “ಅಸ್ತರಿನಿಂದ,” ಎಂದು ಬಾಯಿಂದ ಜಾರಿತ್ತು. ಹಿಂದೆ ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕಿದ್ದರು. ಆಮೇಲೆ ಕೇಳಿದ ಯಾವುದಕ್ಕೂ ಅವಳ ಗಂಟಲು ತೆರೆಯಲೇ ಇಲ್ಲ. ನಾಳೆ ಮತ್ತೊಂದು ಅವಕಾಶ, ಅದೇ ಕೊನೆಯದು. ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ.

ಹೊರಪದರ ಎಂಬ ಸರಿಯುತ್ತರವನ್ನು ಅವಳು ಆಮೇಲೆ ಉರುಹೊಡೆದಿದ್ದಳು. ಆದರೆ ಮನಸ್ಸು ಒಪ್ಪಿರಲಿಲ್ಲ. ಒಪ್ಪದ ಮಾತು ಅವಳ ನಾಲಿಗೆಗೆ ಬರುತ್ತಿರಲಿಲ್ಲ. ಈಗ, ಈ ಲಾಡಿ ನೋಡಿದ ಕೂಡಲೇ, ಮೈಯೆಲ್ಲ ಜುಂ ಎಂದಿತ್ತು.

“ಕೊಡಿ ಇಲ್ಲಿ,” ಎಂದು ಲಾಡಿ ಕಿತ್ತುಕೊಂಡಳು. “ಇದರ ಹೊರಮೈ ಯಾವುದು?”

“ಹೂವಿರೋದು. ಇನ್ಯಾವುದು?”

“ಈಗ ಎಲ್ಲಿದೆ?”

“ಒಳಗೆ. ಹೊರಮೈ ಹೊರಮೈ ಕೂಡಿಸಿ ತಾನೆ ಹೊಲಿಯೋದು? ಆಮೇಲೆ ಮಗುಚ್ತೀವಿ, ಹೂವು ಹೊರಗೆ ಬರುತ್ತೆ.”

“ಮಗುಚದೇ ಇದ್ರೆ?”

“ಒಳಗೇ ಇರುತ್ತೆ. ಹುಚ್ಚು ಹುಡುಗಿ.”

“ಅದೇ ಅತ್ತಿಗೆ! ಅದೇ ಮಿದುಳು!”

ತಾತ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಎದ್ದು ಬಂದ. ಅವಳು ಕತ್ತರಿಸುವ ಮೇಜನ್ನು ತೋಳಿನಿಂದಲೇ ಬಾಚಿ ಖಾಲಿ ಮಾಡಿ, ಕೆಳಗೊಂದು ಅಸ್ತರಿನ ತುಂಡು, ಅದರ ಮೇಲೆ ಕಾಲರಿಗೆ ಹಾಕುವ ಕ್ಯಾನ್‌ವಾಸು, ಎಲ್ಲಕ್ಕೂ ಮೇಲೆ ಹೂವಿನ ಬಟ್ಟೆ ಹಾಸಿದಳು.

“ಇದು ಮಗು.”

“ಇಷ್ಟೇನಾ?” ಎಂದ ತಾತ. “ಕೈಕಾಲು?”

“ಇನ್ನೂ ಇಲ್ಲ ತಾತ, ಅವಸರ ಮಾಡ್ಬೇಡಿ. ಈ ಅಸ್ತರಿನಿಂದ ಕರುಳಿನ ಒಳಮೈ, ಶ್ವಾಸಕೋಶದ ಒಳಮೈ. ನಡುವೆ ಕ್ಯಾನ್‌ವಾಸು, ಅದರಿಂದ ಮೂಳೆ, ಸ್ನಾಯು, ರಕ್ತ. ಮೇಲಿನದು ಚರ್ಮ.”

“ಅಂದ್ರೆ ನೆಟ್ಟಗೆ ನಿಲ್ಲಿಸೋದು ಕ್ಯಾನ್‌ವಾಸು. ನಮ್ಮ ಕಾಲರ್ ಥರಾನೇ.”

“ಹೂಂ! ಈಗ ನೋಡಿ.” ಹೂವಿನ ಬಟ್ಟೆಯ ನಟ್ಟನಡುವೆ ಬೆರಳಿನಿಂದ ಗೆರೆ ಎಳೆದು ಒತ್ತಿದಳು. ಅಲ್ಲಿ ಗುಳಿ ಬಿತ್ತು. ಎರಡೂ ಬದಿಯ ಅಂಚುಗಳು ಎದ್ದವು. ಅವನ್ನು ಒಂದಕ್ಕೊಂದು ತಂದು ಹಿಡಿದಳು. “ಮೇಲಿದ್ದದ್ದೇ ಹೀಗೆ ಕೆಳಗಿಳಿದು, ಕೊಳವೆಯಾಗಿ, ಬೇರೆ ಆಗುತ್ತೆ. ಪಕ್ಕದ ಬಟ್ಟೆ ಅದರ ಮೇಲೆ ಕೂಡಿಕೊಂಡು ಚರ್ಮ ಆಗುತ್ತೆ. ಕೊಳವೆ ಒಳಗೆ ಉಳೀತು. ಅದೇ ಮುಂದೆ ಮಿದುಳು, ಬೆನ್ನುಹುರಿ. ನಾವು ಮಗುಚ್ತೀವಿ, ಅದು ಮಗುಚೋದಿಲ್ಲ. ಅಷ್ಟೇ ವ್ಯತ್ಯಾಸ!”

ಅತ್ತಿಗೆ ಆ ಕೊಳವೆಯ ಮೇಲೆ ಬಾಗಿದಳು. ಅವಳು ಬಸುರಿ ಎಂದು ಖಚಿತವಾಗಿ ಕೆಲವು ವಾರಗಳಾಗಿದ್ದವು. ದಿನಾ ಸಂಜೆ ಮಿಷನ್ನಿಗೆ ಎಣ್ಣೆ ಬಿಡುತ್ತ “ಇವತ್ತು ಒಳಗೆ ಏನ್ ನಡೀತಿದೆಯಂತೆ?” ಎಂದು ಕೇಳುವುದು ರೂಢಿಯಾಗಿತ್ತು. ಸೂಜಿ ಪುಸ್ತಕ ನೋಡಿ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿ ಮುಗಿಸುತ್ತಿದ್ದಳು. ಇವತ್ತು ದೀಪ ಮೇಜಿನ ಮೇಲೇ ಇತ್ತು.

“ಇದು ಯಾವಾಗ ಆಗೋದು?” ಅತ್ತಿಗೆ ಕೇಳಿದಳು.

ಸೂಜಿ ಬೆರಳು ಮಡಿಚಿ ಲೆಕ್ಕ ಹಾಕಿದಳು. “ನಿಮಗೆ ಆಗಿಹೋಗಿದೆ. ಶಾಲೆ ಯೂನಿಫಾರ್ಮ್ ರಾಶಿ ಬಿದ್ದಿತ್ತಲ್ಲ, ಆ ವಾರ.”

“ಆಗ ನನಗೆ ಗೊತ್ತೇ ಇರಲಿಲ್ವಲ್ಲೇ.”

“ಅದಕ್ಕೆ ಗೊತ್ತಿತ್ತು.”

“ನಾನು ಇಲ್ಲಿ ಕೂತು ಕಾಲರ್ ಹೊಲೀತಿದ್ರೆ, ಅದು ಅಲ್ಲಿ ಕೂತು…” ಅತ್ತಿಗೆ ನಗಲು ಹೋದಳು, ಕಣ್ಣು ತುಂಬಿತು. “ನೋಡು ತಾತ, ಹೇಳದೆ ಕೇಳದೆ ಕೆಲಸ ಮುಗಿಸಿಬಿಟ್ಟಿದೆ ಈ ಕಳ್ಳಮರಿ.”

“ನಿನ್ನ ಅಂಗಡಿಯಲ್ಲಿ ಹೇಳಿದ ದಿನಕ್ಕೆ ಮುಗಿಸಿದ್ದು ಅದೊಂದೇ,” ಎಂದ ತಾತ. “ಇನ್ನು ಈ ಅಂಗಿ ಅಂಶದ ಪಾಠ ನಾಳೆ ಒಪ್ಪಿಸೋದು ಇದೆಯಲ್ಲ?”

“ಅಂಗಿ ಅಂಶ ಅಲ್ಲ ತಾತ, ಅಂಗಾಂಶ.”

“ಅದೇ. ಇಷ್ಟು ಜೋರಾಗಿ ಹೇಳು ಸಾಕು.”

ಮರುದಿನ ಅವಳು ಲಾಡಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋದಳು. ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಮೇಜು, ಸೂಕ್ಷ್ಮದರ್ಶಕ, ಅದರಾಚೆ ಅದೇ ಮೇಡಂ. ಹಿಂದೆ ಸಾಲಿನಲ್ಲಿ ಅದೇ ಪಿಸುಪಿಸು.

“ಹೋದ ಸಲ ನಿಂತಲ್ಲಿಂದಲೇ ಶುರು ಮಾಡೋಣ,” ಎಂದರು ಮೇಡಂ. “ಮಿದುಳು ಯಾವ ಪದರದಿಂದ?”

ಅವಳು ಚೀಲಕ್ಕೆ ಕೈ ಹಾಕಿದಳು.

“ಏನದು?”

“ಬ… ಬಟ್ಟೆ. ತೋರಿಸಲಾ ಮೇಡಂ?”

“ಬೇಡಮ್ಮ. ಇದು ಬಾಯಿಪರೀಕ್ಷೆ. ಬಾಯಲ್ಲಿ ಹೇಳು.”

ಕೈ ಬರಿದಾಗಿ ಹೊರಗೆ ಬಂತು. ಹಿಂದೆ ಯಾರೋ “ಅಸ್ತರು” ಎಂದು ಉಸುರಿದರು. ಮೇಜಿನ ಮರೆಯಲ್ಲಿ ಅವಳ ಬೆರಳುಗಳು ತನ್ನದೇ ಅಂಗಿಯ ಅಂಚನ್ನು ಹುಡುಕಿಕೊಂಡವು. ನಡುವೆ ಒಂದು ಗುಳಿ ಒತ್ತಿದವು. ಬದಿಗಳನ್ನು ಎತ್ತಿದವು. ಬಟ್ಟೆಯ ಹೊರಮೈ ಹೊರಮೈಗೆ ತಾಗಿತು.

“ಹೊರಪದರ ಮೇಡಂ.”

“ಮಿದುಳು ಇರೋದು ಒಳಗಲ್ವಾ?”

“ಒಳಗೆ ಹೋಯ್ತು ಮೇಡಂ. ಹುಟ್ಟಿದ್ದು ಹೊರಗೇ.”

ಅಷ್ಟು ಹೇಳಿದ್ದೇ ತಡ, ಉಂಡೆಯಿಂದ ದಾರ ಬಿಚ್ಚಿಕೊಂಡ ಹಾಗೆ ಮಾತು ಬಂತು. ಗುಳಿ, ಅಂಚು, ಕೊಳವೆ, ನಡುವಿನಲ್ಲಿ ಮೊದಲು ಕೂಡಿ ಎರಡೂ ಕಡೆಗೆ ಜಿಪ್ಪಿನಂತೆ ಮುಚ್ಚುತ್ತ ಹೋಗುವುದು, ಮೇಲೆ ಚರ್ಮ ಕೂಡುವುದು. “ಮಗುಚದೆ ಬಿಟ್ಟ ಲಾಡಿ ಹಾಗೆ ಮೇಡಂ,” ಎಂದ ಮೇಲೇ ಅವಳಿಗೆ ತಾನು ಏನಂದೆ ಎಂದು ಕೇಳಿಸಿತು. ಹಿಂದೆ ನಗು ಎದ್ದಿತು. ಈ ಸಲ ಅವಳಿಗೂ ನಗು ಬಂತು.

“ಲಾಡಿ ಅಂತ ಉತ್ತರಪತ್ರಿಕೆಯಲ್ಲಿ ಬರೆದೀಯ ಮತ್ತೆ,” ಎಂದರು ಮೇಡಂ. ಅವರ ತುಟಿಯ ಕೊನೆ ಅಲುಗಿತು. “ಇದನ್ನು ನೋಡು. ಯಾವ ಅಂಗಾಂಶ?”

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಗುಲಾಬಿ ಬಣ್ಣದ ಎಳೆಗಳು, ಅಡ್ಡಡ್ಡ ಸಣ್ಣ ಪಟ್ಟೆ. “ಸ್ನಾಯು ಅಂಗಾಂಶ ಮೇಡಂ. ಕೈಕಾಲಿನದು.”

“ಸ್ನಾಯು ಸರಿ. ಕೈಕಾಲಿನದಲ್ಲ. ಎಳೆಗಳು ಕವಲೊಡೆದು ಒಂದಕ್ಕೊಂದು ಕೂಡಿಕೊಂಡಿವೆ, ನೋಡು. ಇದು ಹೃದಯ.”

ಅವಳು ಮತ್ತೆ ನೋಡಿದಳು. ಹೌದು, ಕವಲುಗಳು! ಹೆಣಿಗೆಯ ಹಾಗೆ, ಒಂದೊಂದೂ ಪಕ್ಕದ್ದರ ಕೈ ಹಿಡಿದಿತ್ತು. ಕಣ್ಣು ಕೀಳಲು ಮನಸ್ಸಾಗಲಿಲ್ಲ.

“ಸಾಕು ಏಳಮ್ಮ, ಬೇರೆಯವರೂ ನೋಡ್ಬೇಕು. ಪಾಸಾಗಿದೀಯ. ಇನ್ನೊಂದು ಸಲ ಹೃದಯ ತಪ್ಪು ಹೇಳ್ಬೇಡ.”

ಅವಳು ಅಂಗಡಿಯ ತನಕ ಓಡಿಯೇ ಬಂದಳು. ಬೀದಿಯಲ್ಲೇ “ಅತ್ತಿಗೇ!” ಎಂದು ಕೂಗಿದ್ದು ಕೇಳಿ ಪಕ್ಕದ ಬೀಗ ರಿಪೇರಿಯವನು ತಲೆ ಹೊರಗೆ ಹಾಕಿದ. ತಾತ ಸೂಜಿ ಚುಚ್ಚಿಕೊಂಡ ಬೆರಳನ್ನು ಬಾಯಿಗಿಟ್ಟುಕೊಂಡು, “ಪಾಸೋ, ಬೆಂಕಿ ಬಿತ್ತೋ, ಒಂದು ಹೇಳು!” ಎಂದ.

“ಪಾಸು!”

ಅತ್ತಿಗೆ ಎದ್ದು ಬಂದು ಅವಳ ಎರಡೂ ಕೆನ್ನೆ ಹಿಂಡಿದಳು. ಇಬ್ಬರೂ ಒಟ್ಟಿಗೇ ಮಾತಾಡಿದರು, ಯಾರದೂ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಪೈಜಾಮದ ಗಿರಾಕಿ ಬಾಗಿಲಲ್ಲಿ ಬಂದು ನಿಂತಳು.

“ಲಾಡಿ ಒಂದು ಬಾಕಿ, ಕೂತ್ಕೊಳ್ಳಿ,” ಎಂದ ತಾತ.

ಸೂಜಿ ಚೀಲದಿಂದ ಲಾಡಿ ತೆಗೆದು ಕೊಟ್ಟಳು. ಅತ್ತಿಗೆ ಪಿನ್ನು ಹುಡುಕಿ ತಂದಳು. ಚುಚ್ಚಲಿಲ್ಲ. ಲಾಡಿಯ ಬಾಯಿಯನ್ನು ಎರಡು ಬೆರಳಲ್ಲಿ ಅಗಲಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು. ಹೂಗಳೆಲ್ಲ ಅಲ್ಲಿದ್ದವು.

“ಇನ್ನೊಂದು ಹೊಲೀತೀನಿ, ಸ್ವಲ್ಪ ಇರಿ,” ಎಂದು ಗಿರಾಕಿಗೆ ಹೇಳಿ, ಅದನ್ನು ಕತ್ತರಿ ತೂಗುಹಾಕುವ ಮೊಳೆಗೆ ಮಗುಚದೆ ಹಾಗೇ ನೇತುಹಾಕಿದಳು.