ಹೊಳೆಯ ತನಕ ಒಂದು ಸವಾರಿ

ಮಳೆ ಹಿಂದೆಗೆದು ಹದಿನೈದು ದಿನವಾಗಿತ್ತು. ಅಂಬೇವಾಡಿಯ ತಗಡಿನ ಮಾಡುಗಳಿಂದ ಬೆಳಗಿನ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಸತ್ತೆವ್ವ ಎರಡು ಎಮ್ಮೆ ಹಿಂಡಿ, ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಓಣಿಗಿಳಿದಳು. ಕ್ಯಾನಿಗೆ ಕೈ ಹಚ್ಚುವ ರೂಢಿಯಿಲ್ಲ. ಎರಡೂ ಕೈ ಬೀಸುತ್ತ, ಸಿಕ್ಕವರ ಸಂಗಡ ಜಗಳವನ್ನೂ ಆಡುತ್ತ ನಡೆದರೂ ಒಂದು ಹನಿ ತುಳುಕುತ್ತಿರಲಿಲ್ಲ.

ಕೊನೆಯ ಮನೆ ಗೆಳತಿ ಮೆಹರುನ್ನಿಸಾಳದು. ಆಕೆಯ ಗಂಡ ಮೆಹಬೂಬನ ಸೈಕಲ್ ಅಂಗಡಿಯೂ ಅಲ್ಲೇ, ಮನೆಯ ಮುಂದೆ. ಮೆಹರುನ್ನಿಸಾ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಹಾಲು ದಿನಾ ಕೊಡ್ತಿ. ನನ್ನ ಸವಾರಿ ಯಾವಾಗ ಕೊಡ್ತಿ?"

ಅದು ಮೂವತ್ತನಾಲ್ಕು ವರ್ಷದ ಹಳೆಯ ಚೇಷ್ಟೆ. ಹದಿನಾಲ್ಕರ ವಯಸ್ಸಿನಲ್ಲಿ ಇಬ್ಬರೂ ಬಾಡಿಗೆ ಸೈಕಲ್ ತಂದು ಹೊಳೆಗೆ ಹೋಗಿದ್ದರು. ಹೋಗುವಾಗ ಮೆಹರುನ್ನಿಸಾ ತುಳಿದಳು. ಬರುವಾಗ ಸತ್ತೆವ್ವನ ಪಾಳಿ. ಹ್ಯಾಂಡಲ್ ಹಿಡಿದು, ಬಿದ್ದೇನೆಂದು ಬಿಟ್ಟು, "ಮುಂದಿನ ಸಲ ನಾ ತುಳಿತೇನಿ" ಎಂದು ಮತ್ತೆ ಹಿಂದೆಯೇ ಹತ್ತಿ ಕೂತಿದ್ದಳು. ಆ ಮುಂದಿನ ಸಲ ಬರಲೇ ಇಲ್ಲ. ಈಗ ಮೆಹರುನ್ನಿಸಾಳ ಮೊಣಕಾಲು ಕೈಕೊಟ್ಟು ಎರಡು ವರ್ಷ. ಅಂದಿನಿಂದ ಹೊಳೆಯ ದಂಡೆಯನ್ನು ಆಕೆ ಕಂಡಿರಲಿಲ್ಲ.

"ಆಟೋದಾಗ ಹೋಗಿ ಬಾ" ಎಂದಳು ಸತ್ತೆವ್ವ.

"ಆಟೋದಾಗ ಕುಂತು ಹೊಳಿ ನೋಡ್ತಾರೇನ? ಹೋದ್ರ ನಿನ್ನ ಹಿಂದ ಕುಂತ ಹೋಗಾಕಿ."

ದಿನವೂ ನಗುತ್ತಿದ್ದ ಸತ್ತೆವ್ವ ಅಂದು ನಗಲಿಲ್ಲ. ಕ್ಯಾನು ಇಳಿಸಿ ಅಂಗಡಿಯ ಕಡೆ ತಿರುಗಿದಳು.

"ಭಾಯಿ, ಒಂದು ಲೇಡೀಜ್ ಸೈಕಲ್ ಕೊಡ್ರಿ."

"ಹಾಲು ಹಾಕಾಕೇನ್ರಿ, ಅಕ್ಕಾರ?"

"ಅಲ್ರಿ. ಸುಮ್ನ ತುಳಿಯಾಕ."

ಮೆಹಬೂಬ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. "ನಲವತ್ತೆಂಟನೇ ವರ್ಷಕ್ಕ?"

"ಕಾಲು ಎರಡೂ ನೆಟ್ಟಗ ಅದಾವು. ಇನ್ನೇನು ಬೇಕು?"

ಸತ್ತೆವ್ವನ ಗಂಡ ಬಾಳೇಶ ಮಿಲ್ಲಿಗೆ ಹೊರಟವನು ಇದನ್ನು ಕೇಳಿ ಅಂಗಡಿಯ ಮುಂದೆಯೇ ನಿಂತ. "ಬಿದ್ದು ಕೈ ಮುರಕೊಂಡ್ರ ಎಮ್ಮಿ ಹಿಂಡಾವ್ರು ಯಾರು?"

"ನೀವ."

"ನನ್ನ ಕಂಡ್ರ ಒದೀತಾವು ಅವು!"

"ಹಂಗಾರ ನಾ ಬೀಳಬಾರ್ದು ಅಂತ ದೇವರಿಗೆ ಕೈ ಮುಗೀರಿ."

ದಿನಾ ಸಂಜೆ ನಾಲ್ಕಕ್ಕೆ ಓಣಿಯ ಹಿಂದಿನ ಬಯಲಲ್ಲಿ ಕಲಿಕೆ. ಮೆಹಬೂಬ ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದ. ಅವನು ಕೈ ಬಿಟ್ಟಕೂಡಲೇ ಸತ್ತೆವ್ವ ಎಡಕ್ಕೆ ಬೀಳುತ್ತಿದ್ದಳು. ಹೆಗಲು ಸೆಟೆದು, ಕಣ್ಣು ಮುಂದಿನ ಗಾಲಿಯಲ್ಲೇ ನೆಟ್ಟಿರುತ್ತಿತ್ತು. ಒಂಬತ್ತನೆಯ ದಿನ ಮೊಣಕೈ ತರಚಿತು. ಸತ್ತೆವ್ವ ನೆಲದಲ್ಲೇ ಕೂತುಬಿಟ್ಟಳು.

"ನನ್ನ ಕೈಲೆ ಆಗೂದಿಲ್ಲ, ಮೆಹರೂ. ನಿನ್ನ ಸವಾರಿ ಮುಳುಗ್ತು ಅಂತ ತಿಳ್ಕೋ."

ಬಯಲಂಚಿಗೆ ಕುರ್ಚಿ ಹಾಕಿಸಿಕೊಂಡಿದ್ದ ಮೆಹರುನ್ನಿಸಾ ಮುಂದಕ್ಕೆ ಬಾಗಿದಳು. "ಕ್ಯಾನ್ ಹೊತ್ತಾಗ ಕೆಳಗ ನೋಡ್ತೀಯೇನ ನೀ?"

"ಕೆಳಗ ನೋಡಿದ್ರ ಹಾಲು ಚೆಲ್ಲತೈತಲ್ಲ."

"ಮತ್ತ ಗಾಲಿ ಯಾಕ ನೋಡ್ತಿ? ಹೋಗು, ಖಾಲಿ ಕ್ಯಾನು ತಗೊಂಬಾ. ಹೊತ್ಕೊಂಡು ತುಳಿ."

"ಹುಚ್ಚ ಹಿಡೀತೇನ ನಿನಗ?" ಎನ್ನುತ್ತಲೇ ಸತ್ತೆವ್ವ ಎದ್ದು ಹೋಗಿ ತಂದಳು.

ಸಿಂಬಿ ಕೂತಿತು, ಕ್ಯಾನು ಏರಿತು. ಕುತ್ತಿಗೆ ತಾನಾಗಿ ನೆಟ್ಟಗಾಯಿತು, ಹೆಗಲು ಇಳಿಯಿತು, ಕಣ್ಣು ದೂರದ ಸಾಗವಾನಿ ಮರಗಳ ಮೇಲೆ ನಿಂತಿತು. ಮೆಹಬೂಬ ಒಂದಿಷ್ಟು ದೂರ ಓಡಿ, ಏನೂ ಹೇಳದೆ ಕೈ ಬಿಟ್ಟ. ಅರ್ಧ ಸುತ್ತು ಬಂದ ಮೇಲೆ ಅವನು ಎದುರಿಗೇ ನಿಂತು ಬೀಡಿ ಹಚ್ಚುತ್ತಿದ್ದುದು ಸತ್ತೆವ್ವನಿಗೆ ಕಂಡಿತು. ಅವನು ಇಲ್ಲಿದ್ದರೆ ಸೀಟು ಹಿಡಿದವರು ಯಾರು? ನಗು ಉಕ್ಕಿ ಬಂತು. ಕ್ಯಾನು ಢಣಾರನೆ ನೆಲಕ್ಕೆ ಬಿತ್ತು. ಸೈಕಲ್ ಬೀಳಲಿಲ್ಲ.

ಮರುದಿನದಿಂದ ಕ್ಯಾನು ಬಿಟ್ಟಳು. ಸಿಂಬಿ ಮಾತ್ರ ಬಿಡಲಾಗಲಿಲ್ಲ. ಅದು ಇಲ್ಲದಿದ್ದರೆ ಕಣ್ಣು ಮತ್ತೆ ಗಾಲಿಗೇ ಇಳಿಯುತ್ತಿತ್ತು. ಓಣಿಯ ನೀಲಕ್ಕ, "ಹೆಲ್ಮೆಟ್ ಚಲೋ ಐತಿ ನೋಡ!" ಎಂದು ಕೂಗಿದಳು. ಹಿಂದಿನ ಭಾರ ರೂಢಿಯಾಗಲೆಂದು ಮೆಹಬೂಬ ಕ್ಯಾರಿಯರಿಗೆ ಮರಳಿನ ಚೀಲ ಕಟ್ಟಿದ.

"ನನ್ನ ಚೀಲಕ್ಕ ಹೋಲಸ್ತೀರೇನ್ರಿ?" ಎಂದಳು ಮೆಹರುನ್ನಿಸಾ.

"ಚೀಲ ಮಾತಾಡೂದಿಲ್ಲ. ಅಷ್ಟ ಫರಕ."

ಒಂದು ಐತವಾರ ಬೆಳಿಗ್ಗೆ, ಮಿಲ್ಲಿನ ಪಾಳಿ ಬದಲಾಗಿ ರಸ್ತೆ ಖಾಲಿಯಾದ ಮೇಲೆ, ಸತ್ತೆವ್ವ ಸೈಕಲ್ಲನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದಳು. ಮೆಹರುನ್ನಿಸಾ "ಬಿಸ್ಮಿಲ್ಲಾ" ಎಂದು ಹಿಂದೆ ಕೂತು ಅವಳ ಸೊಂಟ ಹಿಡಿದಳು. ಹೊರಡುವಾಗ ಸೈಕಲ್ ಒಮ್ಮೆ ಹೊಯ್ದಾಡಿತು, ಆಮೇಲೆ ಸರಿಹೋಯಿತು. ಏರಿನಲ್ಲಿ ಸತ್ತೆವ್ವನ ಏದುಸಿರು ಕೇಳಿ ಮೆಹರುನ್ನಿಸಾ, "ಇಳೀಲೇನ?" ಎಂದಳು.

"ಸುಮ್ನ ಕುಂದರು. ಆವತ್ತ ನಾ ಇಳಿದಿದ್ನೇನು?"

"ಎಲ್ಲಿ ಇಳಿದಿದ್ದಿ, ಕಳ್ಳಿ!"

ಇಳಿಜಾರಿನಲ್ಲಿ ಗಾಳಿ ಸೆರಗಿಗೆ ತುಂಬಿತು. ಇಬ್ಬರೂ ಹುಡುಗಿಯರಂತೆ ಚೀರಿದರು. ಕಾಳಿ ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮೆಹರುನ್ನಿಸಾ ದಂಡೆಯ ಬಂಡೆಯ ಮೇಲೆ ಕೂತು ಬಹಳ ಹೊತ್ತು ನೀರು ನೋಡಿದಳು.

"ತೀರಿತಲ್ಲ ನಿನ್ನ ಬಾಕಿ?" ಎಂದಳು ಸತ್ತೆವ್ವ.

"ಎಲ್ಲಿ ತೀರಿತು? ಆವತ್ತ ಹೋಗಾಕೂ ನಾನ, ಬರಾಕೂ ನಾನ. ನಡಿ."

ಬರುವಾಗ ಏರು ಉದ್ದ. ಸತ್ತೆವ್ವ ಎರಡು ಕಡೆ ಕಾಲೂರಿ ನಿಂತು ಉಸಿರು ತಗೊಂಡಳು, ಆದರೆ ಗೆಳತಿಯನ್ನು ಇಳಿಸಲಿಲ್ಲ. ಕಟ್ಟೆ ಮುಟ್ಟಿದಾಗ ಮೆಹರುನ್ನಿಸಾ ಇಳಿದು, ಸತ್ತೆವ್ವನ ಬೆವತ ಮುಖವನ್ನು ತನ್ನ ಸೆರಗಿನಿಂದ ಒರೆಸಿದಳು.

"ಈಗ ತೀರಿತು."

ಸತ್ತೆವ್ವ ಸಿಂಬಿ ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿದಳು.

"ಮುಂದಿನ ಐತವಾರ ಮತ್ತ ಹೋಗೂಣು."

"ಇನ್ಯಾವ ಬಾಕಿ?"

"ಯಾವುದೂ ಇಲ್ಲ. ಸುಮ್ನ."